ಎರಡು ಕ್ಯಾನ್ ನೀರು, ನೂರೈವತ್ತು ಪ್ಲೇಟು: ಕಲಬುರಗಿಯ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಕಲಬುರಗಿ ಜಿಲ್ಲಾಧಿಕಾರಿಗಳಿಗೆ, ಮಹಾನಗರ ಪಾಲಿಕೆಯ ಆಯುಕ್ತರಿಗೆ ಮತ್ತು ಆಹಾರ ಸುರಕ್ಷತೆಯ ಅಂಕಿತ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಇದೇ ಊರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮವ್ವ 22 ವರ್ಷ ಮಾರ್ಕೆಟ್‌ನಲ್ಲಿ ಬಂಡಿ ಹಚ್ಚಿದಳು. ಬೆಳಿಗ್ಗೆ ತಹರಿ ಅಂದರೆ ಮಸಾಲೆ ಅನ್ನ, ಸಂಜೆ ಚುರುಮುರಿಯ ಸುಸ್ಲಾ ಮತ್ತು ಮಿರ್ಚಿ ಭಜಿ. ಆ ಬಂಡಿಯ ದುಡ್ಡಿನಲ್ಲೇ ನಾನು ಬಿಎಸ್ಸಿ ಓದಿದ್ದು, ಬಿ.ಎಡ್. ಮಾಡಿದ್ದು. ಈಗ ಅವಳಿಗೆ ಮೊಣಕಾಲು ನೋವು, ಬಂಡಿ ಬಿಟ್ಟು ಐದು ವರ್ಷ ಆಯಿತು. ಆದರೂ ವಾರಕ್ಕೊಮ್ಮೆ ಮಾರ್ಕೆಟ್‌ಗೆ ಹೋಗಿ ಹಳೆಯ ಗೆಳತಿಯರ ಬಂಡಿಯ ಹತ್ತಿರ ಕೂತು ಬರುತ್ತಾಳೆ. ಅವಳ ಜೊತೆ ನಾನೂ ಹೋಗುತ್ತೇನೆ.

ಬೇಸಿಗೆ ಬಂತೆಂದರೆ ನಮ್ಮ ಊರಲ್ಲಿ ವಾಂತಿ ಭೇದಿಯ ಮಾತು ಶುರುವಾಗುತ್ತದೆ. ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ: "ಬಂಡಿಯವರಿಗೆ ಸ್ವಚ್ಛತೆಯ ಅರಿವಿಲ್ಲ, ಅರಿವು ಮೂಡಿಸಬೇಕು." ಸ್ಟಾಫ್ ರೂಮಿನಲ್ಲಿ ಕೇಳಿದ್ದೇನೆ, ಬಸ್ಸಿನಲ್ಲಿ ಕೇಳಿದ್ದೇನೆ, ಸಂಜೆ ಅದೇ ಬಂಡಿಯಲ್ಲಿ ಭಜಿ ತಿನ್ನುತ್ತಾ ನಿಂತವರ ಬಾಯಲ್ಲೂ ಕೇಳಿದ್ದೇನೆ. ಈ ಮಾತು ಅರ್ಧ ನಿಜ. ಉಳಿದ ಅರ್ಧವನ್ನು ನಿಮಗೆ ಹೇಳಬೇಕು ಅಂತಲೇ ಈ ಪತ್ರ.

ಅವ್ವನ ನೀರಿನ ಲೆಕ್ಕದಿಂದ ಶುರು ಮಾಡುತ್ತೇನೆ. ಅವಳ ಬಂಡಿಯಲ್ಲಿ 20 ಲೀಟರಿನ ಎರಡು ಕ್ಯಾನ್ ಹಿಡಿಯುತ್ತಿದ್ದವು. ಮನೆಯ ನಳಕ್ಕೆ ನೀರು ಬಂದ ದಿನ ತುಂಬಿಟ್ಟುಕೊಂಡು ಅದನ್ನೇ ತಳ್ಳಿಕೊಂಡು ಹೋಗಬೇಕು. ಅವಳು ನಿಲ್ಲುತ್ತಿದ್ದ ಮೂಲೆಯಲ್ಲಿ ನಳ ಇರಲಿಲ್ಲ. ದಿನಕ್ಕೆ ಸುಮಾರು 150 ಪ್ಲೇಟು ಹೋಗುತ್ತಿದ್ದವು. 40 ಲೀಟರನ್ನು 150ಕ್ಕೆ ಭಾಗಿಸಿ ನೋಡಿ. ಒಂದು ಪ್ಲೇಟಿಗೆ 270 ಎಂಎಲ್ ಕೂಡ ಬರುವುದಿಲ್ಲ. ಚುರುಮುರಿ ತೋಯಿಸಲು ಅದೇ ನೀರು. ಭಜಿಯ ಹಿಟ್ಟು ಕಲಸಲು ಅದೇ. ಗಿರಾಕಿ ಕುಡಿಯಲು ಒಂದು ಗ್ಲಾಸ್ ಕೇಳಿದರೆ ಅಲ್ಲಿಗೇ 200 ಎಂಎಲ್ ಮುಗಿಯಿತು. ಉಳಿದದ್ದರಲ್ಲಿ ಪ್ಲೇಟು, ಚಮಚೆ, ಗ್ಲಾಸು, ಒರೆಸುವ ಅರಿವೆ, ಕೈ. ಆಗ ಏನಾಗುತ್ತದೆ? ಒಂದು ಬಕೆಟ್ ಇಟ್ಟು ಎಲ್ಲ ಪ್ಲೇಟುಗಳನ್ನೂ ಅದರಲ್ಲೇ ಅದ್ದಿ ತೆಗೆಯುವುದು. ಸಂಜೆ ಏಳರ ಹೊತ್ತಿಗೆ ಆ ನೀರು ಹೇಗಿರುತ್ತಿತ್ತು ಅಂತ ನಾನು ಹೇಳಬೇಕಿಲ್ಲ, ನೀವೂ ನೋಡಿರುತ್ತೀರಿ.

ಅವ್ವನಿಗೆ ಅದು ಹೊಲಸು ಅಂತ ಗೊತ್ತಿರಲಿಲ್ಲವಾ? ಮನೆಯಲ್ಲಿ ರೊಟ್ಟಿ ಹಿಟ್ಟು ಮುಟ್ಟುವ ಮೊದಲು ಎರಡು ಸಲ ಕೈ ತೊಳೆಯುವ ಹೆಂಗಸು ಅವಳು. ಎಂಜಲು ಕೈಯಲ್ಲಿ ಸವಟು ಹಿಡಿದರೆ ನಮಗೆ ಬೈಗುಳ ತಪ್ಪುತ್ತಿರಲಿಲ್ಲ. ಅದೇ ಹೆಂಗಸು ಬಂಡಿಯ ಹತ್ತಿರ ಬಂದ ತಕ್ಷಣ ಬದಲಾಗುತ್ತಿರಲಿಲ್ಲ. ಅಲ್ಲಿ ನೀರು ಇರುತ್ತಿರಲಿಲ್ಲ, ಅಷ್ಟೇ. ಒಂದು ಸಲ ನಾನು ಬಿಎಸ್ಸಿ ಓದುವ ಹುರುಪಿನಲ್ಲಿ, "ಅವ್ವಾ, ಆ ಬಕೆಟ್ ನೀರು ಗಂಟೆಗೊಮ್ಮೆ ಚೆಲ್ಲಬೇಕು" ಅಂದೆ. "ಚೆಲ್ಲತೀನಿ. ತರೋದು ಯಾರು?" ಅಂದಳು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತು ಅದೇ ಪ್ರಶ್ನೆ ನಿಮ್ಮ ಮುಂದೆ ಇಡುತ್ತಿದ್ದೇನೆ.

ಹಾಗಂತ ಬಂಡಿಯವರಿಗೆ ಎಲ್ಲ ಗೊತ್ತಿದೆ ಅಂತ ನಾನು ಹೇಳುವುದಿಲ್ಲ. ಹೇಳಿದರೆ ಸುಳ್ಳಾಗುತ್ತದೆ. ಗೊತ್ತಿಲ್ಲದ ಸಂಗತಿಗಳಿವೆ, ಅವು ಅಪಾಯದವೇ. ನಮ್ಮ ಬಂಡಿಯಲ್ಲೇ ಆದದ್ದನ್ನು ಹೇಳುತ್ತೇನೆ.

ನಾನು ಪಿಯುಸಿಯಲ್ಲಿದ್ದೆ. ಏಪ್ರಿಲ್ ತಿಂಗಳು. ಅವ್ವ ಬೆಳಿಗ್ಗೆ ಆರಕ್ಕೆ ದೊಡ್ಡ ಬೋಗುಣಿ ತಹರಿ ಮಾಡಿದಳು. ಆ ದಿನ ಗಿರಾಕಿ ಕಡಿಮೆ, ಅರ್ಧ ಉಳಿಯಿತು. ಮುಚ್ಚಿ ಬಂಡಿಯ ಕೆಳಗೆ ನೆರಳಲ್ಲಿ ಇಟ್ಟಳು. ಸಂಜೆ ಸ್ವಲ್ಪ ನೀರು, ಎಣ್ಣೆ ಹಾಕಿ ಹೊಗೆ ಬರುವ ತನಕ ಕಾಸಿ ಮಾರಿದಳು. ವಾಸನೆ ಇರಲಿಲ್ಲ, ರುಚಿ ಕೆಟ್ಟಿರಲಿಲ್ಲ. ನಾನೂ ಚೂರು ತಿಂದು ನೋಡಿದ್ದೆ. ಆ ರಾತ್ರಿಯೇ ನಮ್ಮ ಕಾಯಂ ಗಿರಾಕಿಯೊಬ್ಬರ ಮೂರು ಮಕ್ಕಳಿಗೆ ವಾಂತಿ ಶುರುವಾಯಿತು. ತಿಂದು ಎರಡು ಮೂರು ತಾಸಿನೊಳಗೆ. ಆಸ್ಪತ್ರೆಗೆ ಒಯ್ದರು, ಮರುದಿನಕ್ಕೆ ಹುಷಾರಾದರು. ಮಕ್ಕಳ ತಂದೆ ಬೆಳಿಗ್ಗೆ ಬಂದು ಜಗಳ ಮಾಡಲಿಲ್ಲ. "ಯವ್ವಾ, ನಿನ್ನಿ ತಹರಿ ಏನೋ ಆಗಿತ್ತು ನೋಡು" ಅಂದರು, ಹೋದರು. ಅವ್ವ ಮೂರು ದಿನ ಬಂಡಿ ತೆಗೆಯಲಿಲ್ಲ. "ಹೊಗಿ ಬರೂತನಕ ಕಾಸೀನಲ್ಲ, ಹೆಂಗ ಆತು?" ಅಂತ ಒಂದೇ ಮಾತು.

ಹೆಂಗ ಆತು ಅನ್ನುವುದು ನನಗೆ ಬಿಎಸ್ಸಿ ಎರಡನೇ ವರ್ಷದಲ್ಲಿ ತಿಳಿಯಿತು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಗಳು ಇರುತ್ತವೆ. ಅನ್ನ ಕುದಿಸಿದರೂ ಅವು ಸಾಯುವುದಿಲ್ಲ. ಅನ್ನ ಆರಿ ಬೆಚ್ಚಗೆ ಉಳಿದಾಗ ಎದ್ದು ಬೆಳೆಯುತ್ತವೆ, ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಕಾಸಿದರೆ ಹೋಗುವುದಿಲ್ಲ. ಬ್ಯಾಕ್ಟೀರಿಯಾ ಸತ್ತರೂ ವಿಷ ಉಳಿಯುತ್ತದೆ. ಆ ದಿನ ಯಾರೂ ಪರೀಕ್ಷೆ ಮಾಡಿಸಲಿಲ್ಲ, ಆದರೆ ನಡೆದದ್ದೆಲ್ಲ ಇದಕ್ಕೇ ಹೊಂದುತ್ತದೆ. ಕಾಸಿದರೆ ಎಲ್ಲ ಸರಿಹೋಗುತ್ತದೆ ಅಂತ ಅವ್ವ ನಂಬಿದ್ದಳು. ಅವಳ ಅವ್ವನೂ ಹಾಗೇ ನಂಬಿದ್ದಳು. ಇವತ್ತು ಮಾರ್ಕೆಟ್‌ನಲ್ಲಿ ಹತ್ತು ಜನರನ್ನು ಕೇಳಿ, ಹೆಚ್ಚಿನವರು ಅದನ್ನೇ ಹೇಳುತ್ತಾರೆ. ಇದು ನಿಜವಾಗಿ ಗೊತ್ತಿಲ್ಲದ ಸಂಗತಿ. ಇದನ್ನು ಕಲಿಸಬೇಕು.

ಆದರೆ ಕಲಿಸುವುದು ನಮ್ಮ ಊರಿನ ಬಿಸಿಲಿಗೆ ಹೊಂದಬೇಕು. ಸಾಮಾನ್ಯವಾಗಿ ಹೇಳುವ ನಿಯಮ ಹೀಗಿದೆ: 5 ಡಿಗ್ರಿಯಿಂದ 60 ಡಿಗ್ರಿಯ ನಡುವೆ ರೋಗಾಣು ಬೆಳೆಯುತ್ತವೆ, ಬೇಯಿಸಿದ ಆಹಾರವನ್ನು ಎರಡು ತಾಸಿಗಿಂತ ಜಾಸ್ತಿ ಹೊರಗೆ ಇಡಬಾರದು. ಅಮೆರಿಕದ ಕೃಷಿ ಇಲಾಖೆ ಇದಕ್ಕೆ ಇನ್ನೊಂದು ಮಾತು ಸೇರಿಸುತ್ತದೆ: ಹೊರಗೆ 32 ಡಿಗ್ರಿ ದಾಟಿದರೆ ಒಂದೇ ತಾಸು. ಕಲಬುರಗಿಯ ಬೇಸಿಗೆಯಲ್ಲಿ 32 ಡಿಗ್ರಿ ಮಧ್ಯಾಹ್ನಕ್ಕೆ ಮೊದಲೇ ದಾಟಿರುತ್ತದೆ, ಮೇ ತಿಂಗಳಲ್ಲಿ ಕೆಲವು ಮಧ್ಯಾಹ್ನ 42ರ ಮೇಲೂ ಹೋಗುತ್ತದೆ. ಬೆಂಗಳೂರಿನ ಹವೆಗೆ ಬರೆದ ಕರಪತ್ರ ಇಲ್ಲಿ ಕೆಲಸ ಮಾಡುವುದಿಲ್ಲ. ಒಳ್ಳೆಯ ಅನುಕೂಲ ಸಿಕ್ಕರೆ ಒಂದು ಬ್ಯಾಕ್ಟೀರಿಯಾ 20 ನಿಮಿಷಕ್ಕೆ ಎರಡಾಗುತ್ತದೆ. ಆರು ತಾಸಿಗೆ ಹದಿನೆಂಟು ಸಲ ದುಪ್ಪಟ್ಟು. ಒಂದು ಇದ್ದದ್ದು 2,62,144 ಆಗುತ್ತದೆ. ಈ ಲೆಕ್ಕವನ್ನು ಒಂಬತ್ತನೇ ತರಗತಿಯ ಮಕ್ಕಳಿಗೆ ಬೋರ್ಡಿನ ಮೇಲೆ ಮಾಡಿ ತೋರಿಸುತ್ತೇನೆ. ಬಂಡಿಯವರಿಗೂ ತೋರಿಸಬಹುದು. ಬಡ್ಡಿಯ ಲೆಕ್ಕ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಹಳೆಯ ತಿನಿಸುಗಳಲ್ಲಿ ಜಾಣತನ ಇದೆ. ಖಡಕ್ ಜೋಳದ ರೊಟ್ಟಿಯಲ್ಲಿ ನೀರಿನ ಅಂಶ ಬಹಳ ಕಡಿಮೆ, ತಿಂಗಳುಗಟ್ಟಲೆ ಇಟ್ಟರೂ ಏನೂ ಆಗುವುದಿಲ್ಲ. ಶೇಂಗಾ ಹಿಂಡಿ ಒಣದು. ಮಿರ್ಚಿ ಭಜಿ ಕಾದ ಎಣ್ಣೆಯಿಂದ ನೇರವಾಗಿ ಕೈಗೆ ಬರುತ್ತದೆ. ಸುಸ್ಲಾದ ಚುರುಮುರಿ ಒಗ್ಗರಣೆಗೆ ಬೀಳುವ ಐದು ನಿಮಿಷ ಮೊದಲು ಮಾತ್ರ ತೋಯುತ್ತದೆ. ಈ ಬಿಸಿಲಿನಲ್ಲಿ ಬದುಕಿದ ಜನ ಕಟ್ಟಿಕೊಂಡ ಅಡುಗೆ ಇದು. ಇವುಗಳಲ್ಲಿ ಅಪಾಯ ಪಕ್ಕದಿಂದ ಬರುತ್ತದೆ: ಮೇಲೆ ಉದುರಿಸುವ ಹಸಿ ಉಳ್ಳಾಗಡ್ಡಿ ಕೊತ್ತಂಬರಿಯಿಂದ, ಚಟ್ನಿಯಿಂದ, ನೀರಿನಿಂದ, ಪ್ಲೇಟಿನಿಂದ. ಈಗ ಬಂದಿರುವ ಎಗ್ ರೈಸ್, ಫ್ರೈಡ್ ರೈಸ್, ನೂಡಲ್ಸ್ ಬಂಡಿಗಳ ಕಥೆ ಬೇರೆ. ಮಧ್ಯಾಹ್ನವೇ ಅನ್ನ ಬೇಯಿಸಿ ಬುಟ್ಟಿಯಲ್ಲಿ ಹರಡಿ ಇಟ್ಟು, ರಾತ್ರಿ ಹತ್ತರ ತನಕ ಅದನ್ನೇ ಹುರಿದು ಕೊಡುತ್ತಾರೆ. ಅವ್ವನ ತಹರಿಗೆ ಆದದ್ದೇ ಇದಕ್ಕೂ ಆಗಬಹುದು. ಹಾಗಾಗಿ ಎಲ್ಲ ಬಂಡಿಗೂ ಒಂದೇ ಪಾಠ ಬೇಡ. ಅನ್ನದ ಬಂಡಿಗೆ ಒಂದು, ಭಜಿ ಬಂಡಿಗೆ ಒಂದು, ಕಬ್ಬಿನ ಹಾಲಿನವರಿಗೆ ಇನ್ನೊಂದು. ಕಬ್ಬಿನ ಹಾಲಿನವರ ದೊಡ್ಡ ಸಮಸ್ಯೆ ಬರ್ಫ್, ಅಂದರೆ ಐಸ್. ಮೀನು, ಸಾಮಾನು ತಂಪಾಗಿಡಲು ಮಾಡಿದ ಬರ್ಫ್ ಗ್ಲಾಸಿಗೆ ಬಂದರೆ ನೋಡಿ ಗುರುತಿಸುವುದು ಕಷ್ಟ. ಪಕ್ಕದ ಮಹಾರಾಷ್ಟ್ರದಲ್ಲಿ 2018ರಿಂದ ತಿನ್ನಬಾರದ ಬರ್ಫಿಗೆ ನೀಲಿ ಬಣ್ಣ ಹಾಕಬೇಕು ಅಂತ ಮಾಡಿದರು. ನೋಡಿದ ಕೂಡಲೇ ಗೊತ್ತಾಗುತ್ತದೆ. ಗಡಿ ಇಲ್ಲಿಂದ ದೂರವೇನೂ ಇಲ್ಲ. ಇಲ್ಲಿನ ಬರ್ಫ್ ಫ್ಯಾಕ್ಟರಿಗಳಲ್ಲೂ ಇದನ್ನು ಕಟ್ಟುನಿಟ್ಟಾಗಿ ನೋಡಿ.

ಬಣ್ಣ ಅಂದಾಗ ನೆನಪಾಯಿತು. 2024ರ ಮಾರ್ಚಿನಲ್ಲಿ ಸರ್ಕಾರ ಗೋಬಿ ಮಂಚೂರಿಯ ಕೃತಕ ಬಣ್ಣ ನಿಷೇಧಿಸಿತು, 2025ರಲ್ಲಿ ಇಡ್ಲಿಗೆ ಪ್ಲಾಸ್ಟಿಕ್ ಹಾಳೆ ಬೇಡ ಅಂದಿತು. ಎರಡೂ ಒಳ್ಳೆಯ ಕೆಲಸ. ಆದರೆ ಬಣ್ಣ ಕಣ್ಣಿಗೆ ಕಾಣುತ್ತದೆ, ಪ್ಲಾಸ್ಟಿಕ್ ಕಾಣುತ್ತದೆ. ಕೈಯಿಂದ ಪ್ಲೇಟಿಗೆ ಹೋಗುವ ಟೈಫಾಯಿಡ್ ಕಾಣುವುದಿಲ್ಲ. ಕಾಣದ್ದನ್ನು ಹಿಡಿಯಲು ದಾಳಿ ಸಾಕಾಗುವುದಿಲ್ಲ.

ಅವ್ವ ಒಮ್ಮೆ ತರಬೇತಿಗೆ ಹೋಗಿದ್ದಳು. ಬೆಳಿಗ್ಗೆ ಹನ್ನೊಂದಕ್ಕೆ, ಒಂದು ಸಭಾಂಗಣದಲ್ಲಿ. ವ್ಯಾಪಾರದ ಹೊತ್ತು ಬಿಟ್ಟು ಹೋದಳು. ಟೋಪಿ, ಗ್ಲೌಸ್, ಒಂದು ಸರ್ಟಿಫಿಕೇಟ್ ತಂದಳು. ಏನು ಹೇಳಿದರು ಅಂತ ಕೇಳಿದೆ. "ಫ್ರಿಜ್‌ನಾಗ ಇಡ್ರಿ ಅಂದ್ರು. ವೈಯಕ್ತಿಕ ಏನೋ ಅಂದ್ರು" ಅಂದಳು. ಬಂಡಿಯಲ್ಲಿ ಫ್ರಿಜ್ ಎಲ್ಲಿಂದ ಬರಬೇಕು? ಅವಳ ಪಕ್ಕದ ಕಬಾಬ್ ಬಂಡಿಯ ಚಾಚಾ ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಆದರೆ ಓದಲು ಬರುವುದಿಲ್ಲ. ಅವರಿಗೆ ಕೊಟ್ಟ ಪುಸ್ತಕ ಭಜಿ ಕಟ್ಟಲು ಹೋಯಿತು. ಗ್ಲೌಸ್ ಕಥೆ ಇನ್ನೂ ಬೇಜಾರಿನದು. ಒಂದೇ ಜೋಡಿ ಬೆಳಿಗ್ಗೆಯಿಂದ ರಾತ್ರಿ ತನಕ. ಅದರಲ್ಲೇ ನೋಟು, ಅದರಲ್ಲೇ ಉಳ್ಳಾಗಡ್ಡಿ, ಅದರಲ್ಲೇ ಬೆವರು ಒರೆಸುವುದು. ಬರಿಗೈ ಆದರೆ ಜಿಗುಟಾದಾಗ ತೊಳೆಯಬೇಕು ಅನ್ನಿಸುತ್ತದೆ. ಗ್ಲೌಸ್ ಇದ್ದರೆ ಅದೂ ಅನ್ನಿಸುವುದಿಲ್ಲ.

ಹೋದ ವರ್ಷ ನಾನೇ ಒಂದು ಪ್ರಯತ್ನ ಮಾಡಿದೆ. ಭಾನುವಾರ ಮಧ್ಯಾಹ್ನ ಮೂರಕ್ಕೆ, ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ, ಅವ್ವನ ಗೆಳತಿಯೊಬ್ಬರ ಬಂಡಿಯ ಹತ್ತಿರ ನಾಲ್ಕೈದು ಜನ ಸೇರಿದೆವು. ಅವರ ಕೈಗೆ ಎಣ್ಣೆಯಲ್ಲಿ ಕಲಸಿದ ಅರಿಶಿನ ಹಚ್ಚಿದೆ. "ಹತ್ತು ನಿಮಿಷ ಸುಮ್ನೆ ದಿನದ ಹಾಗೇ ವ್ಯಾಪಾರ ಮಾಡಿದಂತೆ ಮಾಡ್ರಿ" ಅಂದೆ. ಆಮೇಲೆ ಹಳದಿ ಎಲ್ಲೆಲ್ಲಿ ಇದೆ ಅಂತ ಎಲ್ಲರೂ ಹುಡುಕಿದೆವು. ಉಪ್ಪಿನ ಡಬ್ಬಿಯ ಮೇಲೆ, ಚಮಚೆಯ ಹಿಡಿಕೆ ಮೇಲೆ, ನೀರಿನ ಕ್ಯಾನಿನ ಮುಚ್ಚಳದ ಒಳಗೆ, ಹತ್ತರ ನೋಟಿನ ಮೇಲೆ, ಅವರ ಸೆರಗಿನ ಮೇಲೆ, ಐದು ಪ್ಲೇಟಿನ ಅಂಚಿನ ಮೇಲೆ. "ಅಯ್ಯ, ಇಷ್ಟೆಲ್ಲಾ ಮುಟ್ಟೀನೇನ್ ನಾ?" ಅಂತ ಅವರು ಕೈ ನೋಡಿಕೊಂಡು ನಿಂತರು. ನಾನು ಭಾಷಣ ಮಾಡಬೇಕಾಗಲಿಲ್ಲ. ಅಲ್ಲಿದ್ದವರೇ ದಾರಿ ಹುಡುಕಿದರು. ದುಡ್ಡು ಹಾಕಲು ಒಂದು ಡಬ್ಬಿ ಮುಂದೆ ಇಡೋಣ, ಗಿರಾಕಿಯೇ ಹಾಕಿ ಚಿಲ್ಲರೆ ತೆಗೆದುಕೊಳ್ಳಲಿ ಅಂದರು ಒಬ್ಬರು. ಕ್ಯೂಆರ್ ಕೋಡ್ ಬಂದ ಮೇಲೆ ನೋಟು ಮುಟ್ಟುವುದು ಕಡಿಮೆ ಆಗಿದೆ ಅಂದರು ಇನ್ನೊಬ್ಬರು. ನಳ ಇರುವ ಕ್ಯಾನ್ ಒಂದನ್ನು ಬರೀ ಕೈ ತೊಳೆಯಲು ಇಡಬೇಕು, ಬಕೆಟ್‌ನಲ್ಲಿ ಅದ್ದಬಾರದು ಅಂತ ಒಪ್ಪಿಕೊಂಡರು. ಮುತ್ತಲ ಎಲೆಯ ಪತ್ರಾವಳಿ ಬಳಸಿದರೆ ಪ್ಲೇಟು ತೊಳೆಯುವ ನೀರೇ ಉಳಿಯುತ್ತದೆ ಅಂದಿದ್ದು ನಮ್ಮವ್ವ. ರದ್ದಿ ಪೇಪರ್ ಬೇಡ ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಹೇಳಿದೆ, ಶಾಯಿ ಎಣ್ಣೆಗೆ ಇಳಿಯುತ್ತದೆ. ಅದಕ್ಕೂ ಎಲೆಯೇ ಉತ್ತರ ಆಯಿತು.

ಮುಂದಿನ ತಿಂಗಳು ಹೋಗಿ ನೋಡಿದೆ. ದುಡ್ಡಿನ ಡಬ್ಬಿ ಇತ್ತು. ಎಲೆ ಇತ್ತು. ಕೈ ತೊಳೆಯುವ ಕ್ಯಾನ್ ಖಾಲಿ ಇತ್ತು.

ಇದಕ್ಕೇ ನಾನು ಮತ್ತೆ ಮತ್ತೆ ನೀರಿಗೆ ಬರುವುದು. ಭೀಮೆಯಿಂದ, ಬೆಣ್ಣೆತೊರೆಯಿಂದ ಈ ಊರಿಗೆ ನೀರು ಬರುತ್ತದೆ. ಮಾರ್ಕೆಟ್‌ಗಳ ಒಳಗೆ, ಬಂಡಿಗಳು ನಿಲ್ಲುವ ಸಾಲಿಗೆ ಅದು ಒಂದು ನಳದ ರೂಪದಲ್ಲಿ ಬರಲಿ. ಹತ್ತು ಬಂಡಿಗೆ ಒಂದು ನಳ, ಒಂದು ಚಿಕ್ಕ ಟ್ಯಾಂಕ್, ನೀರು ಹರಿದು ಹೋಗಲು ಮುಚ್ಚಿದ ಗಟಾರು. ನಳದ ನೀರಲ್ಲಿ ಕ್ಲೋರಿನ್ ಕನಿಷ್ಠ ಲೀಟರಿಗೆ 0.2 ಮಿಲಿಗ್ರಾಂ ಉಳಿದಿದೆಯಾ ಅಂತ ವಾರಕ್ಕೊಮ್ಮೆ ಅಲ್ಲೇ, ಬಂಡಿಯವರ ಎದುರೇ ನೋಡಲಿ. ನೀರು ಬಾರದ ದಿನಕ್ಕೆ ಕ್ಲೋರಿನ್ ಮಾತ್ರೆ ಕೊಡಲಿ, ಹಾಕಿ ಅರ್ಧ ತಾಸು ಕಾಯಬೇಕು ಅನ್ನುವುದನ್ನು ತೋರಿಸಿಕೊಡಲಿ.

ಮತ್ತು ಶೌಚಾಲಯ. ಇದನ್ನು ಬರೆಯಲು ಹಿಂಜರಿಕೆ ಇತ್ತು, ಅವ್ವ ಬರಿ ಅಂದಳು. ಬಂಡಿಯ ಹೆಂಗಸರು ಬೆಳಿಗ್ಗೆಯಿಂದ ರಾತ್ರಿ ತನಕ ನೀರು ಕುಡಿಯುವುದೇ ಇಲ್ಲ, ಹೋಗಲು ಜಾಗ ಇಲ್ಲ ಅಂತ. 42 ಡಿಗ್ರಿ ಬಿಸಿಲಿನಲ್ಲಿ, ಕಾದ ಎಣ್ಣೆಯ ಮುಂದೆ. ಅವ್ವನಿಗೆ ಎರಡು ಸಲ ಮೂತ್ರದ ಸೋಂಕು ಆಗಿತ್ತು. ಹೋಗಲೇಬೇಕಾದಾಗ ಎಲ್ಲೋ ಹೋಗಿ, ಕೈ ತೊಳೆಯಲು ನೀರಿಲ್ಲದೆ ಬಂದು ಮತ್ತೆ ಹಿಟ್ಟಿಗೆ ಕೈ ಹಾಕಬೇಕು. ಟೈಫಾಯಿಡ್, ಕಾಮಾಲೆ ತರುವ ಹೆಪಟೈಟಿಸ್ ಎ, ಕಾಲರಾ ಹರಡುವುದು ಇದೇ ದಾರಿಯಲ್ಲಿ. ಹೆಂಗಸರಿಗೆ ಬಾಗಿಲು, ಚಿಲಕ, ನೀರು, ಸೋಪು ಇರುವ ಒಂದು ಶೌಚಾಲಯ ಅಂದರೆ ಊರಿನ ಎಲ್ಲರ ಊಟದ ಸುರಕ್ಷತೆ.

ಕಾನೂನು ನಮ್ಮ ಕಡೆಗೇ ಇದೆ. 2006ರ ಆಹಾರ ಸುರಕ್ಷತಾ ಕಾಯ್ದೆಯ 31ನೇ ಕಲಂ ಪ್ರಕಾರ ಸಣ್ಣ ಬಂಡಿಯವರಿಗೆ ಲೈಸೆನ್ಸ್ ಬೇಡ, ನೋಂದಣಿ ಸಾಕು. ನೋಂದಣಿ ಮಾಡಿಸಿಕೊಂಡವರು ಕುಡಿಯಲು ಯೋಗ್ಯವಾದ ನೀರನ್ನೇ ಬಳಸಬೇಕು ಅಂತ ನಿಯಮ ಹೇಳುತ್ತದೆ. ಸರಿ. ಆ ನೀರು ಕೈಗೆ ಸಿಗುವಂತೆ ಮಾಡುವುದೂ ಅದರ ಜೊತೆಗೇ ಬರಬೇಕಲ್ವಾ? 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಬೇಕು ಅನ್ನುತ್ತದೆ. ನಳ ಎಲ್ಲಿ ಬರಬೇಕು ಅಂತ ಆ ಹೆಂಗಸರನ್ನು ಕೇಳಿ. ದುಡ್ಡಿಗೂ ಹಿಂದಿನ ಮಾದರಿ ಇದೆ. ಕೇಂದ್ರ ಆರೋಗ್ಯ ಸಚಿವಾಲಯ 2023ರಲ್ಲಿ ದೇಶದ 100 ಜಾಗಗಳಲ್ಲಿ ಸ್ವಚ್ಛ ಆಹಾರ ಬೀದಿ ಮಾಡಲು ಒಂದೊಂದಕ್ಕೆ 1 ಕೋಟಿ ರೂಪಾಯಿ ನೆರವಿನ ಯೋಜನೆ ತಂದಿತು. ಅದರ ಪಟ್ಟಿಯಲ್ಲಿ ಇರುವುದೇ ಕುಡಿಯುವ ನೀರು, ಕೈ ತೊಳೆಯುವ ಜಾಗ, ಶೌಚಾಲಯ, ಗಟಾರು, ಕಸದ ಡಬ್ಬಿ, ದೀಪ. ನಾನು ಕೇಳುತ್ತಿರುವುದೂ ಇಷ್ಟೇ. ನಮಗೆ ಟೈಲ್ಸ್ ಮೊದಲು ಬೇಡ. ನಳ ಮೊದಲು.

ನಮ್ಮ ಕಲಬುರಗಿಯಲ್ಲೇ ವಿಭಾಗೀಯ ಆಹಾರ ಪ್ರಯೋಗಾಲಯ ಇದೆ. ಬಂಡಿಯಿಂದ ಸ್ಯಾಂಪಲ್ ಒಯ್ದರೆ ಫಲಿತಾಂಶವನ್ನು ಆ ಬಂಡಿಯವರಿಗೂ ಬಾಯಿಮಾತಲ್ಲಿ ತಿಳಿಸಿ: ಚಟ್ನಿಯಲ್ಲಿ ಇದು ಸಿಕ್ಕಿತು, ಇದು ಕೈಯಿಂದ ಬಂದದ್ದು, ಇದು ನೀರಿನಿಂದ ಬಂದದ್ದು ಅಂತ. ಕಲಿಸುವವರು ಬಂಡಿಯ ಹತ್ತಿರವೇ ಬರಲಿ. ಕನ್ನಡದಲ್ಲೂ ದಖನಿ ಉರ್ದುವಿನಲ್ಲೂ ಹೇಳಲಿ. ಅವ್ವನಂಥ ಹಳಬರನ್ನು ಜೊತೆಗೆ ಕರೆದುಕೊಳ್ಳಲಿ. ತಹರಿಯ ಕಥೆಯನ್ನು ಅವಳು ಹೇಳಿದರೆ ಯಾರೂ ಮರೆಯುವುದಿಲ್ಲ. ಅವಳು ಹೇಳಲು ಒಪ್ಪಿದ್ದಾಳೆ. ಇಷ್ಟು ವರ್ಷ ಮನೆಯ ಹೊರಗೆ ಯಾರಿಗೂ ಹೇಳಿರಲಿಲ್ಲ.

ನೀರು, ಶೌಚಾಲಯ, ಪಾಠ ಎಲ್ಲ ಸಿಕ್ಕ ಮೇಲೂ ಯಾರಾದರೂ ಹಳಸಿದ್ದನ್ನು ಮಾರಿದರೆ ದಂಡ ಹಾಕಿ. ನಾನು ಅವರ ಪರ ನಿಲ್ಲುವುದಿಲ್ಲ. ಆ ಮೂರು ಮಕ್ಕಳ ಮುಖ ನನಗೆ ಇನ್ನೂ ನೆನಪಿದೆ.

ಹೋಳಿ ಮುಗಿದ ಕೂಡಲೇ ಶರಣಬಸವೇಶ್ವರರ ಜಾತ್ರೆ. ಊರೊಳಗೆ ಲಕ್ಷಗಟ್ಟಲೆ ಜನ, ನೂರಾರು ಬಂಡಿ. ಅಲ್ಲಿಂದ ಬಿಸಿಲು ಏರುತ್ತಲೇ ಹೋಗುತ್ತದೆ. ಅದಕ್ಕೆ ಮೊದಲು ಒಂದೇ ಒಂದು ಮಾರ್ಕೆಟ್ ಆರಿಸಿಕೊಳ್ಳಿ, ಒಂದೇ ಸಾಲು. ಎಲ್ಲಿ ನಳ ಬಂದರೆ ಎಷ್ಟು ಬಂಡಿಗೆ ಹತ್ತಿರವಾಗುತ್ತದೆ, ಗಟಾರಿನ ಇಳಿಜಾರು ಯಾವ ಕಡೆ ಇದೆ ಅಂತ ಅಲ್ಲಿಯವರೇ ಹೆಜ್ಜೆ ಅಳೆದು ತೋರಿಸುತ್ತಾರೆ. ಭಾನುವಾರ ನಾವು ಅಲ್ಲೇ ಇರುತ್ತೇವೆ. ಮಧ್ಯಾಹ್ನ ಮೂರಕ್ಕೆ ಬನ್ನಿ, ಆಗ ಮಾತಾಡಲು ಅವರಿಗೆ ಪುರುಸೊತ್ತು ಇರುತ್ತದೆ.

ಇಂತಿ ನಿಮ್ಮ,
ಬಂಡಿಯವಳ ಮಗಳು, ವಿಜ್ಞಾನದ ಟೀಚರ್
ಕಲಬುರಗಿ